ನೀರು ನೆತ್ತಿ ದಾಟುವ ತನಕ

ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ನದಿಗೆ ಕುಣಿಗಲ್ ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿ ಕಟ್ಟಿರುವ ಅಣೆಕಟ್ಟೆ ಮಾರ್ಕೋನಹಳ್ಳಿಯದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಕೆಲಸ. ನಡುವೆ 139 ಮೀಟರ್ ಉದ್ದದ ಕಲ್ಲಿನ ಕಟ್ಟಡ, ಎರಡೂ ಕಡೆ ಮಣ್ಣಿನ ಏರಿ. ಬೇರೆ ಕೆರೆಗಳಂತೆ ಇಲ್ಲಿ ನೀರು ಬರೀ ಕೋಡಿಯ ಮೇಲೆ ಹರಿದು ಹೋಗುವುದಿಲ್ಲ. ಇದಕ್ಕೆ ಸ್ವಯಂಚಾಲಿತ ಸೈಫನ್ ಇದೆ.

ಸೈಫನ್ ಕೆಲಸ ಮಾಡುವ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕಟ್ಟೆಯ ಒಳಗೊಂದು ಬಗ್ಗಿದ ಕೊಳವೆ ಇದೆ ಎಂದುಕೊಳ್ಳಿ. ಅದರ ಒಂದು ಬಾಯಿ ಜಲಾಶಯದ ನೀರಿನಲ್ಲಿ ಮುಳುಗಿದೆ, ಇನ್ನೊಂದು ಕಟ್ಟೆಯ ಆಚೆ ಕೆಳಗಿದೆ, ನಡುವಿನ ನೆತ್ತಿ ಮೇಲಿದೆ. ನೀರು ಏರುತ್ತಾ ಬಂದರೂ ನೆತ್ತಿಯ ಮಟ್ಟ ಮುಟ್ಟುವ ತನಕ ಆಚೆ ಕಡೆ ಒಂದು ಹನಿಯೂ ಬೀಳುವುದಿಲ್ಲ. ಮುಟ್ಟಿದ ಮೇಲೂ ಮೊದಲು ಬರುವುದು ತೆಳ್ಳನೆಯ ಒಂದು ಪರದೆ. ಆ ಪರದೆ ಬೀಳುವಾಗ ಕೊಳವೆಯೊಳಗಿನ ಗಾಳಿಯನ್ನು ಗುಳ್ಳೆಗುಳ್ಳೆಯಾಗಿ ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಗಾಳಿ ಕಡಿಮೆಯಾದಂತೆ ಒಳಗಿನ ಒತ್ತಡ ಇಳಿಯುತ್ತದೆ, ಜಲಾಶಯದ ನೀರು ಇನ್ನಷ್ಟು ಮೇಲೇರಿ ಒಳನುಗ್ಗುತ್ತದೆ. ನೋಡನೋಡುತ್ತಿದ್ದಂತೆ ಕೊಳವೆ ಪೂರ್ತಿ ತುಂಬಿ ಭೋರೆಂದು ಹರಿಯತೊಡಗುತ್ತದೆ. ಗೇಟು ಎತ್ತುವವರು ಯಾರೂ ಬೇಕಿಲ್ಲ. ಆಮೇಲೆ ನೀರಿನ ಮಟ್ಟ ನೆತ್ತಿಗಿಂತ ಕೆಳಗೆ ಬಂದರೂ ಹರಿವು ನಡೆದೇ ಇರುತ್ತದೆ. ಅದು ನಿಲ್ಲುವುದು ಒಳಗೆ ಮತ್ತೆ ಗಾಳಿ ಹೊಕ್ಕಾಗ ಮಾತ್ರ.

ಮನೆಯಲ್ಲಿ ಕೂತು ಮೊಬೈಲಿನಲ್ಲಿ ಉನ್ನತ ಶಿಕ್ಷಣ ಪಡೆಯಲು ಹೊರಟವರ ಬಗ್ಗೆ ಓದುವಾಗಲೆಲ್ಲ ನನಗೆ ಈ ಸೈಫನ್ ನೆನಪಾಗುತ್ತದೆ. ಅಂಥ ಒಬ್ಬಳನ್ನು ಕಲ್ಪಿಸಿಕೊಳ್ಳೋಣ. ಮಾರ್ಕೋನಹಳ್ಳಿಯ ನಾಲೆ ಬಯಲಿನ ಒಂದು ಮನೆ, ಹಿತ್ತಲಲ್ಲಿ ತೆಂಗು, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಆಕೆ ಕುಣಿಗಲ್ಲಿನಲ್ಲಿ ಬಿ.ಎಸ್ಸಿ. ಮುಗಿಸಿದ್ದಾಳೆ. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆದು ಡೈರಿಗೆ ಹಾಕಿ ಬಂದು, ಹಗಲು ಅಂಗಡಿಯೊಂದರಲ್ಲಿ ಲೆಕ್ಕ ಬರೆದು, ರಾತ್ರಿ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ವೇದಿಕೆಯಲ್ಲಿ ಸಂಖ್ಯಾಶಾಸ್ತ್ರದ ಹನ್ನೆರಡು ವಾರದ ಕೋರ್ಸು ನೋಡುತ್ತಾಳೆ. ಬುಧವಾರ ಮಧ್ಯರಾತ್ರಿಯೊಳಗೆ ಅಸೈನ್‌ಮೆಂಟ್ ಸಲ್ಲಿಸಬೇಕು. ಎರಡನೆಯ ವಾರ ಹತ್ತಕ್ಕೆ ಮೂರು ಅಂಕ ಬಂದಿದೆ. ಪರದೆಯ ಮೇಲೆ ಕೆಂಪಕ್ಷರ. ಅಡುಗೆಮನೆಯಿಂದ ಅಮ್ಮ, 'ಮಲಿಕ್ಕೊಳಮ್ಮ, ಬೆಳಿಗ್ಗೆ ಏಳ್ಬೇಕಲ್ಲ' ಅನ್ನುತ್ತಾರೆ. ಆಕೆ ತನಗೆ ತಾನೇ ಹೇಳಿಕೊಳ್ಳುತ್ತಾಳೆ: 'ಇದು ನನ್ನ ಕೈಲಿ ಆಗಲ್ಲ.'

ಈ ಅಧ್ಯಾಯವೆಲ್ಲ ಈ ಒಂದು ಮಾತಿನ ಬಗ್ಗೆ.

ಆ ಮಾತನ್ನು ವಿಜ್ಞಾನದ ವಸ್ತುವಾಗಿ ಮಾಡಿದವರು ಆಲ್ಬರ್ಟ್ ಬಂಡೂರ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಮಂಡೇರ್ ಎಂಬ ಸಣ್ಣ ಊರಿನಲ್ಲಿ 1925ರಲ್ಲಿ ಹುಟ್ಟಿದವರು. ಅವರ ಹೈಸ್ಕೂಲಿಗೆ ಇದ್ದದ್ದು ಇಬ್ಬರೇ ಮೇಷ್ಟರು. ಬಹುಪಾಲು ಪಾಠವನ್ನು ಹುಡುಗರೇ ಓದಿಕೊಳ್ಳಬೇಕಿತ್ತು. ಹಾಗೆ ಕಲಿತದ್ದೇ ತಮ್ಮನ್ನು ಮುಂದೆ ಕಾಯಿತೆಂದು ಅವರು ನಂಬಿದ್ದರು. 1977ರಲ್ಲಿ ಅವರು ಪ್ರಕಟಿಸಿದ ಲೇಖನ ಮನೋವಿಜ್ಞಾನದ ದಿಕ್ಕನ್ನು ಬದಲಿಸಿತು. ಒಂದು ಗೊತ್ತಾದ ಕೆಲಸವನ್ನು ಗೊತ್ತಾದ ಸಂದರ್ಭದಲ್ಲಿ ನಾನು ಮಾಡಬಲ್ಲೆ ಎಂಬ ನಂಬಿಕೆಯನ್ನು ಅವರು ಬೇರೆಯಾಗಿ ಎತ್ತಿ ತೋರಿಸಿದರು. ಕನ್ನಡದಲ್ಲಿ ಅದನ್ನು ಸ್ವಸಾಮರ್ಥ್ಯದ ನಂಬಿಕೆ ಎನ್ನಬಹುದು. ನಾವು ದಿನಬಳಕೆಯಲ್ಲಿ ಹೇಳುವ ಆತ್ಮವಿಶ್ವಾಸಕ್ಕಿಂತ ಇದು ಚಿಕ್ಕದು, ಖಚಿತವಾದದ್ದು. ನಮ್ಮ ಹುಡುಗಿಗೆ ಹಸು ಕರೆಯುವಾಗ, ಅಂಗಡಿಯ ಲೆಕ್ಕ ತಾಳೆ ಮಾಡುವಾಗ ಈ ನಂಬಿಕೆ ಧಾರಾಳವಾಗಿದೆ. ಸಂಖ್ಯಾಶಾಸ್ತ್ರದ ಎರಡನೆಯ ಅಸೈನ್‌ಮೆಂಟ್ ಎದುರು ಇಲ್ಲ. ಇಬ್ಬರೂ ಒಬ್ಬಳೇ.

ಬಂಡೂರ ಇದನ್ನು ಅಳೆದದ್ದು ಹಾವಿಗೆ ವಿಪರೀತ ಹೆದರುವವರ ಜೊತೆ. ಅವರಿಗೆ ಧೈರ್ಯದ ಉಪದೇಶ ಮಾಡಲಿಲ್ಲ. ಮೊದಲು ಬೇರೆಯವರು ಹಾವನ್ನು ಹಿಡಿಯುವುದನ್ನು ತೋರಿಸಿದರು. ಆಮೇಲೆ ಕೈಗವಸು ಹಾಕಿಕೊಂಡು ಮುಟ್ಟಿಸಿದರು, ಆಮೇಲೆ ಬರಿಗೈಯಲ್ಲಿ. ಪ್ರತಿ ಮೆಟ್ಟಿಲಿನಲ್ಲೂ 'ಮುಂದಿನದು ನಿಮ್ಮಿಂದ ಆಗುತ್ತದೆಯೇ' ಎಂದು ಕೇಳಿ ಬರೆದುಕೊಂಡರು. ಅವರ ಉತ್ತರ ಮುಂದಿನ ವರ್ತನೆಯನ್ನು ಬಹಳ ಚೆನ್ನಾಗಿ ಮುಂಗಂಡಿತು. ಈ ನಂಬಿಕೆಗೆ ಬಂಡೂರ ನಾಲ್ಕು ಮೂಲಗಳನ್ನು ಗುರುತಿಸಿದರು. ತಾನೇ ಮಾಡಿ ಗೆದ್ದ ಅನುಭವ ಎಲ್ಲಕ್ಕಿಂತ ಬಲವಾದದ್ದು. ತನ್ನಂಥವರೇ ಮಾಡಿದ್ದನ್ನು ಕಂಡದ್ದು ಎರಡನೆಯದು. ನಂಬಿಕಸ್ಥರು 'ನಿನ್ನ ಕೈಲಾಗುತ್ತೆ' ಎಂದದ್ದು ಮೂರನೆಯದು. ಕೊನೆಯದು ಮೈಯ ಸ್ಥಿತಿ, ಎಂದರೆ ಆಯಾಸ, ಎದೆಬಡಿತ, ಬೆವರು. ಐದಕ್ಕೆ ಎದ್ದ ಮೈ ರಾತ್ರಿ ಹನ್ನೊಂದಕ್ಕೆ ಸೋತಿರುತ್ತದೆ. ಆ ಸೋಲನ್ನು ಮನಸ್ಸು 'ನನಗೆ ತಲೆ ಇಲ್ಲ' ಎಂದು ಓದಿಕೊಂಡುಬಿಡುತ್ತದೆ. ಸಂಜೆ ಓದುವವರೆಲ್ಲ ಈ ಒಂದು ಅಂಶವನ್ನಾದರೂ ತಿಳಿದಿರಬೇಕು ಎಂಬುದು ನನ್ನ ಆಸೆ.

ಈ ನಂಬಿಕೆಗೂ ಓದಿನ ಯಶಸ್ಸಿಗೂ ಎಷ್ಟು ಸಂಬಂಧ? 1991ರಲ್ಲಿ ಮಲ್ಟನ್, ಬ್ರೌನ್ ಮತ್ತು ಲೆಂಟ್ ಅಲ್ಲಿಯ ತನಕದ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದರು. ವಿದ್ಯಾರ್ಥಿ ವಿದ್ಯಾರ್ಥಿಯ ನಡುವೆ ಅಂಕಗಳಲ್ಲಿ ಕಾಣುವ ವ್ಯತ್ಯಾಸದ ಸುಮಾರು ಶೇ 14 ಭಾಗ, ಓದು ಬಿಡದೆ ಮುಂದುವರಿಸುವುದರಲ್ಲಿ ಕಾಣುವ ವ್ಯತ್ಯಾಸದ ಸುಮಾರು ಶೇ 12 ಭಾಗ ಈ ನಂಬಿಕೆಯ ಜೊತೆ ಹೊಂದಿಕೊಂಡಿತ್ತು. ಮನುಷ್ಯರ ವಿಷಯದಲ್ಲಿ ಒಂದೇ ಅಂಶಕ್ಕೆ ಇದು ದೊಡ್ಡ ಪಾಲು. ಆದರೆ ಉಳಿದ ಶೇ 86 ಬೇರೆ ಕಡೆ ಇದೆ ಎಂಬುದನ್ನೂ ಮರೆಯಬಾರದು.

ನಂಬಿಕೆಯಿಂದ ಅಂಕ ಬಂತೋ, ಅಂಕದಿಂದ ನಂಬಿಕೆ ಬಂತೋ ಎಂಬ ಪ್ರಶ್ನೆ ಇಲ್ಲಿ ಏಳಲೇಬೇಕು. ಎರಡನ್ನೂ ಒಂದೇ ದಿನ ಅಳೆದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಬೇರೆ ಬೇರೆ ಹೊತ್ತಿನಲ್ಲಿ ಮತ್ತೆ ಮತ್ತೆ ಅಳೆದ 11 ಅಧ್ಯಯನಗಳನ್ನು, ಒಟ್ಟು 2,688 ಜನರ ಮಾಹಿತಿಯನ್ನು, ತಾಲ್ಸ್ಮಾ ಮತ್ತು ಸಂಗಡಿಗರು 2018ರಲ್ಲಿ ಒಟ್ಟಿಗೆ ವಿಶ್ಲೇಷಿಸಿದರು. ಹಿಂದಿನ ಸಾಧನೆ ಮುಂದಿನ ನಂಬಿಕೆಯನ್ನು ಬೆಳೆಸುವ ಬಲ 0.205. ಹಿಂದಿನ ನಂಬಿಕೆ ಮುಂದಿನ ಸಾಧನೆಯನ್ನು ಬೆಳೆಸುವ ಬಲ 0.071. ಎರಡೂ ದಿಕ್ಕಿನಲ್ಲಿ ಹರಿವು ಇದೆ, ಆದರೆ ಮಾಡಿದ ಕೆಲಸದಿಂದ ನಂಬಿಕೆಯ ಕಡೆಗೆ ಹರಿಯುವ ಕಾಲುವೆ ಸುಮಾರು ಮೂರು ಪಟ್ಟು ದೊಡ್ಡದು. ಮಕ್ಕಳಲ್ಲಂತೂ ಆ ಒಂದು ದಿಕ್ಕು ಮಾತ್ರ ಸ್ಪಷ್ಟವಾಗಿ ಕಂಡಿತು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಫಲಿತಾಂಶ ಇನ್ನೊಂದಿಲ್ಲ. 'ಮೊದಲು ನಿನ್ನ ಮೇಲೆ ನಿನಗೆ ನಂಬಿಕೆ ಇರಲಿ, ಆಮೇಲೆ ಎಲ್ಲ ಆಗುತ್ತೆ' ಎಂದು ವೇದಿಕೆಗಳಲ್ಲಿ ಹೇಳುತ್ತಾರಲ್ಲ, ಅದು ನೀರಿಲ್ಲದ ಕೊಳವೆಗೆ ಹರಿ ಎಂದ ಹಾಗೆ. ಮೊದಲು ತೆಳ್ಳನೆಯ ಪರದೆಯಾದರೂ ನೆತ್ತಿ ದಾಟಬೇಕು.

ಆನ್‌ಲೈನ್ ಓದಿನಲ್ಲಿ ಇದಕ್ಕೊಂದು ವಿಶೇಷ ತೊಡಕಿದೆ. ನಂಬಿಕೆ ಕೆಲಸದಿಂದ ಹುಟ್ಟಬೇಕು, ಆದರೆ ವಿಡಿಯೋ ಕೆಲಸವಿಲ್ಲದೆಯೇ ನಂಬಿಕೆ ಹುಟ್ಟಿಸಬಲ್ಲದು. 2018ರಲ್ಲಿ ಕಾರ್ಡಸ್ ಮತ್ತು ಓಬ್ರಿಯನ್ ಎಂಬ ಚಿಕಾಗೋದ ಸಂಶೋಧಕರು ಮೇಜಿನ ಮೇಲೆ ತಟ್ಟೆ ಲೋಟಗಳಿರುವಾಗಲೇ ಹಾಸುಬಟ್ಟೆಯನ್ನು ಸರ್ರನೆ ಎಳೆದು ತೆಗೆಯುವ ಕೈಚಳಕದ ವಿಡಿಯೋವನ್ನು ಕೆಲವರಿಗೆ ಒಮ್ಮೆ, ಕೆಲವರಿಗೆ ಇಪ್ಪತ್ತು ಸಲ ತೋರಿಸಿದರು. ಇಪ್ಪತ್ತು ಸಲ ನೋಡಿದವರಿಗೆ ತಮ್ಮಿಂದ ಆಗುತ್ತದೆ ಎಂಬ ನಂಬಿಕೆ ಜೋರಾಗಿ ಬೆಳೆದಿತ್ತು. ಇಂಥ ಕೈಚಳಕಗಳನ್ನು ನಿಜವಾಗಿ ಮಾಡಿಸಿ ನೋಡಿದಾಗ, ಎಷ್ಟು ಸಲ ನೋಡಿದ್ದರೂ ಸಾಮರ್ಥ್ಯ ಅಷ್ಟೇ ಇತ್ತು. ನಮ್ಮ ಕಡೆಯವರಿಗೆ ಇದನ್ನು ಅರ್ಥಮಾಡಿಸಲು ಚಿಕಾಗೋ ತನಕ ಹೋಗಬೇಕಿಲ್ಲ. ಕಾಯಿ ಕೀಳುವವರು ಮರ ಹತ್ತುವುದನ್ನು ಹುಟ್ಟಿದಾಗಿನಿಂದ ನೋಡುತ್ತಾ ಬಂದವರೆಲ್ಲ ಮರ ಹತ್ತಬಲ್ಲವರಲ್ಲ. ಆದರೂ ಒಳ್ಳೆಯ ಮೇಷ್ಟರೊಬ್ಬರು ಹಲಗೆಯ ಮೇಲೆ ಲೆಕ್ಕವನ್ನು ನೀರಿನಂತೆ ಬಿಡಿಸುವುದನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡಿದ ಮೇಲೆ, ಆ ಲೆಕ್ಕ ನಮಗೂ ಬಂತು ಎಂದೇ ಅನಿಸುತ್ತದೆ. ಅಸೈನ್‌ಮೆಂಟ್ ತೆರೆದಾಗ ಕೈ ಓಡುವುದಿಲ್ಲ. ಹುಸಿಯಾಗಿ ಏರಿದ್ದ ನಂಬಿಕೆ ಅಲ್ಲಿ ಒಡೆಯುತ್ತದೆ, ಒಡೆಯುವಾಗ ನಿಜವಾದದ್ದನ್ನೂ ಕೊಚ್ಚಿಕೊಂಡು ಹೋಗುತ್ತದೆ.

ಇದರ ಇನ್ನೊಂದು ಮುಖವನ್ನು ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ 2019ರಲ್ಲಿ ಡೆಲೋರಿಯೆ ಮತ್ತು ಸಂಗಡಿಗರು ತೋರಿಸಿದರು. ತಾವೇ ಲೆಕ್ಕ ಬಿಡಿಸುತ್ತಾ ಕಲಿತ ವಿದ್ಯಾರ್ಥಿಗಳು ಹೆಚ್ಚು ಕಲಿತಿದ್ದರು, ಆದರೆ ಕಡಿಮೆ ಕಲಿತೆವು ಎಂದು ಭಾವಿಸಿದ್ದರು. ಸೊಗಸಾದ ಉಪನ್ಯಾಸ ಕೇಳಿದವರ ಭಾವನೆ ಇದಕ್ಕೆ ತದ್ವಿರುದ್ಧ. ಕಷ್ಟ ಅನಿಸುವುದು ಕಲಿಯುತ್ತಿರುವುದರ ಲಕ್ಷಣ ಇರಬಹುದು ಎಂದು ಹೇಳುವವರು ಪಕ್ಕದಲ್ಲಿ ಇಲ್ಲದಿದ್ದರೆ, ಒಂಟಿಯಾಗಿ ಕೂತವಳು ಅದನ್ನು ದಡ್ಡತನದ ಲಕ್ಷಣ ಎಂದುಕೊಳ್ಳುತ್ತಾಳೆ.

ಛಲದ ವಿಷಯಕ್ಕೆ ಬರೋಣ. ಕನ್ನಡದ ಮನಸ್ಸಿನಲ್ಲಿ ಛಲ ಎರಡಲಗಿನ ಪದ. ಛಲ ಬಿಡದ ತ್ರಿವಿಕ್ರಮ ಎಂದು ಮೆಚ್ಚುತ್ತೇವೆ. ಪಂಪ ತನ್ನ ಭಾರತದಲ್ಲಿ ಛಲಕ್ಕೆ ನೆನೆಯುವುದು ದುರ್ಯೋಧನನನ್ನು. ಆ ಛಲದಲ್ಲಿ ಹಿರಿಮೆಯೂ ಇತ್ತು, ಸರ್ವನಾಶವೂ ಇತ್ತು. ಅಮೆರಿಕದ ಏಂಜೆಲಾ ಡಕ್‌ವರ್ತ್ 2007ರಲ್ಲಿ ಛಲವನ್ನು ಅಳೆಯುವ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿ, ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಕಠಿಣ ಬೇಸಿಗೆ ತರಬೇತಿಯಲ್ಲಿ ಯಾರು ಉಳಿಯುತ್ತಾರೆ ಎಂಬುದನ್ನು ಅದು ಮುಂಗಾಣುತ್ತದೆ ಎಂದು ತೋರಿಸಿದರು. ಜಗತ್ತೆಲ್ಲ ಅದರ ಹಿಂದೆ ಬಿತ್ತು. ಹತ್ತು ವರ್ಷದ ನಂತರ ಮಾರ್ಕಸ್ ಕ್ರೆಡೆ ಮತ್ತು ಸಂಗಡಿಗರು 88 ಗುಂಪುಗಳ 66,807 ಜನರ ಮಾಹಿತಿಯನ್ನು ಜರಡಿ ಹಿಡಿದಾಗ ಚಿತ್ರ ಸರಳವಾಯಿತು. ಈ ಛಲ ಬಹುಮಟ್ಟಿಗೆ ಮನೋವಿಜ್ಞಾನಿಗಳಿಗೆ ಮೊದಲೇ ಗೊತ್ತಿದ್ದ ಅಚ್ಚುಕಟ್ಟುತನದ, ಹೊಣೆಗಾರಿಕೆಯ ಸ್ವಭಾವವೇ. ಅದರಲ್ಲೂ ಉಪಯೋಗಕ್ಕೆ ಬರುವುದು ಪಟ್ಟು ಬಿಡದೆ ದುಡಿಯುವ ಭಾಗ. ಒಂದೇ ಗುರಿಗೆ ವರ್ಷಾನುಗಟ್ಟಲೆ ಅಂಟಿಕೊಳ್ಳುವ ಭಾಗಕ್ಕೆ ಅಷ್ಟು ಬೆಲೆ ಇಲ್ಲ.

ಆನ್‌ಲೈನ್ ಉನ್ನತ ಶಿಕ್ಷಣದ ಬಗ್ಗೆಯೇ ಹುಡುಕಿದ ಬ್ರಾಡ್‌ಬೆಂಟ್ ಮತ್ತು ಪೂನ್ 2015ರಲ್ಲಿ 12 ಅಧ್ಯಯನಗಳನ್ನು ಪರಿಶೀಲಿಸಿದರು. ಹೊತ್ತನ್ನು ಹಂಚಿಕೊಳ್ಳುವುದು, ತನಗೆ ಎಷ್ಟು ಅರ್ಥವಾಗಿದೆ ಎಂದು ತಾನೇ ಪರೀಕ್ಷಿಸಿಕೊಳ್ಳುವುದು, ವಿಮರ್ಶಿಸಿ ಓದುವುದು, ಬೇಸರ ಬಂದಾಗಲೂ ಕೆಲಸ ಬಿಡದಿರುವುದು ಒಳ್ಳೆಯ ಅಂಕದ ಜೊತೆ ಹೊಂದಿಕೊಂಡಿದ್ದವು. ಬಾಯಿಪಾಠಕ್ಕೆ ಹೆಚ್ಚು ಫಲ ಕಾಣಲಿಲ್ಲ. ಇದರಲ್ಲಿ ಅಬ್ಬರದ ಛಲ ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. ದಿನವೂ ಹಾಲು ಕರೆಯುವವರಿಗೆ ಇರುವಂಥ ಹೊತ್ತಿನ ಶಿಸ್ತು ಇದೆ, ತಪ್ಪು ಕಂಡಾಗ ದಾರಿ ಬದಲಿಸುವ ವಿವೇಕ ಇದೆ. ದುರ್ಯೋಧನನಿಗೆ ಇಲ್ಲದೇ ಹೋದದ್ದು ಈ ಎರಡನೆಯದು.

ಹಾಗಿದ್ದರೆ ಆನ್‌ಲೈನ್ ಕೋರ್ಸು ಬಿಟ್ಟವರಿಗೆಲ್ಲ ಛಲ ಇರಲಿಲ್ಲ ಎನ್ನಬಹುದೇ? ಹಾರ್ವರ್ಡ್ ಮತ್ತು ಎಂಐಟಿಯ ಮುಕ್ತ ಕೋರ್ಸುಗಳ ಆರು ವರ್ಷದ ದಾಖಲೆಯನ್ನು ರೈಶ್ ಮತ್ತು ರುಯಿಪೆರೆಸ್ ವಾಲಿಯೆಂಟೆ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. 2017-18ರಲ್ಲಿ ಕೋರ್ಸು ಮುಗಿಸಿದವರು ಶೇ 3.13 ಮಾತ್ರ. ಆದರೆ ಪ್ರಮಾಣಪತ್ರಕ್ಕೆಂದು ಹಣ ಕಟ್ಟಿದವರಲ್ಲಿ ಶೇ 46 ಮುಗಿಸಿದ್ದರು. ಸುಮ್ಮನೆ ಇಣುಕಿ ನೋಡಲು ಬಂದವರನ್ನೂ ಸೋತವರ ಪಟ್ಟಿಗೆ ಸೇರಿಸುವುದು ನ್ಯಾಯವಲ್ಲ. ಹಣ ಕಟ್ಟಬಲ್ಲವರ ಅನುಕೂಲವನ್ನು ಛಲ ಎಂದು ಕರೆಯುವುದೂ ನ್ಯಾಯವಲ್ಲ.

ಮನಸ್ಸನ್ನು ತಿದ್ದಿ ಕೋರ್ಸು ಮುಗಿಸುವವರ ಸಂಖ್ಯೆ ಏರಿಸಬಹುದೇ ಎಂದು ದೊಡ್ಡ ಮಟ್ಟದಲ್ಲೇ ಪ್ರಯತ್ನ ನಡೆಯಿತು. ಕಿಜಿಲ್ಚೆಕ್ ಮತ್ತು ಸಂಗಡಿಗರು ಎರಡೂವರೆ ವರ್ಷ, ಸುಮಾರು 250 ಕೋರ್ಸುಗಳಲ್ಲಿ, ಎರಡೂವರೆ ಲಕ್ಷ ವಿದ್ಯಾರ್ಥಿಗಳಿಗೆ ಕೋರ್ಸಿನ ಆರಂಭದಲ್ಲಿ ಕೆಲವೇ ನಿಮಿಷದ ಬರವಣಿಗೆ ಕೊಟ್ಟರು. ಯಾವ ದಿನ, ಎಲ್ಲಿ ಕೂತು ಓದುತ್ತೀರಿ ಎಂದು ಯೋಜನೆ ಬರೆಯುವುದು ಅಂಥದ್ದೊಂದು. 2020ರಲ್ಲಿ ಬಂದ ಫಲಿತಾಂಶವನ್ನು ಅವರು ಪ್ರಾಮಾಣಿಕವಾಗಿ ಹೇಳಿದರು. ಯೋಜನೆ ಬರೆದವರು ಮೊದಲ ಕೆಲವು ವಾರ ಹೆಚ್ಚು ಓದಿದರು, ಕೋರ್ಸು ಮುಗಿಸುವ ಹೊತ್ತಿಗೆ ಆ ಲಾಭ ಕರಗಿಹೋಗಿತ್ತು. ನಡುವೆ ಎಲ್ಲೋ ಕೊಳವೆಗೆ ಗಾಳಿ ಹೊಕ್ಕಿತ್ತು. ಮನೆಯಲ್ಲಿ ಕಾಯಿಲೆ, ಕೊಯ್ಲು, ಮದುವೆ, ಡೇಟಾ ಮುಗಿದದ್ದು, ಎರಡು ದಿನ ಕರೆಂಟ್ ಇಲ್ಲದ್ದು, ಇಂಥವಕ್ಕೆಲ್ಲ ಮೊದಲ ದಿನದ ಬರವಣಿಗೆ ಉತ್ತರ ಕೊಡಲಾರದು.

ನಮ್ಮ ನಾಡಿನಲ್ಲಿ ದೂರಶಿಕ್ಷಣ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್‌ಪಿಟಿಇಎಲ್ ಕಟ್ಟಿದ್ದು 2003ರಲ್ಲಿ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ವೇದಿಕೆ 'ಸ್ವಯಂ' ಬಂದದ್ದು 2017ರ ಜುಲೈನಲ್ಲಿ. ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿತು. ಈ ಇತಿಹಾಸದ ನಡುವೆ ನೋವಿನ ಮೂರು ವರ್ಷಗಳೂ ಇವೆ. 2015ರಲ್ಲಿ ಮುಕ್ತ ವಿಶ್ವವಿದ್ಯಾಲಯದ ಕೋರ್ಸುಗಳಿಗೆ ಮಾನ್ಯತೆ ಇಲ್ಲವೆಂದು ಯುಜಿಸಿ ಪ್ರಕಟಿಸಿತು, ಮಾನ್ಯತೆ ಮರಳಿದ್ದು 2018ರಲ್ಲಿ. ಆ ಅವಧಿಯಲ್ಲಿ ದುಡಿಯುತ್ತಾ ಓದಿದವರ ನಂಬಿಕೆಯಲ್ಲಾಗಲಿ ಛಲದಲ್ಲಾಗಲಿ ಕೊರತೆ ಇರಲಿಲ್ಲ. ಮನಸ್ಸಿನ ಬಲವನ್ನು ಅಳೆಯುವ ಪ್ರಶ್ನಾವಳಿಗಳಲ್ಲಿ ಇಂಥದ್ದಕ್ಕೆ ಒಂದು ಕಲಂ ಕೂಡ ಇಲ್ಲ.

ಬಂಡೂರ ಹೇಳಿದ ಮೂರನೆಯ ಮೂಲ, ಇನ್ನೊಬ್ಬರ ಮಾತು, ಯಾವಾಗ ಫಲಿಸುತ್ತದೆ ಎಂದು ಯೋಚಿಸುವಾಗ ನನಗೆ ಪಕ್ಕದ ಗುಬ್ಬಿ ನೆನಪಾಗುತ್ತದೆ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯನ್ನು ಬೆಳೆಸಿದ ವೀರಣ್ಣನವರು ಚಿಕ್ಕ ಹುಡುಗನಾಗಿದ್ದಾಗಲೇ ಕಂಪನಿ ಸೇರಿದವರು, ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಮನೆ ಬಿಟ್ಟು ಬಂದು ತಮ್ಮ ಕಂಪನಿ ಸೇರಿದ ಬಿ.ವಿ. ಕಾರಂತರನ್ನು ಅವರು ಎಂ.ಎ. ಓದಲು ಬನಾರಸಿಗೆ ಕಳಿಸಿದರು. ಆ ಕಾರಂತರು ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. 'ನಿನ್ನ ಕೈಲಾಗುತ್ತೆ ಕಣಯ್ಯ' ಎಂಬ ಮಾತಿಗೆ ತೂಕ ಬರುವುದು ಅದನ್ನು ಹೇಳುವವರು ನಮ್ಮ ಕೆಲಸವನ್ನು ಕಣ್ಣಾರೆ ಕಂಡವರಾದಾಗ, ದಾರಿಖರ್ಚಿಗೂ ಹೆಗಲು ಕೊಟ್ಟಾಗ. 'ಶಭಾಷ್, ನೀವು ಶೇ 20 ಮುಗಿಸಿದ್ದೀರಿ' ಎಂದು ಪರದೆಯ ಮೇಲೆ ತಾನಾಗಿ ಮೂಡುವ ಸಂದೇಶ ಆ ಕೆಲಸ ಮಾಡಲಾರದು. ಪ್ರತಿ ಹೋಬಳಿಯ ಗ್ರಂಥಾಲಯದಲ್ಲಿ ವಾರಕ್ಕೊಂದು ಸಂಜೆ, ಅದೇ ಕೋರ್ಸು ಮುಗಿಸಿದ ಊರಿನ ಹುಡುಗನೋ ಹುಡುಗಿಯೋ ಕೂತಿದ್ದರೆ ಎರಡನೆಯ ಮೂಲವೂ ಮೂರನೆಯ ಮೂಲವೂ ಒಟ್ಟಿಗೆ ಸಿಗುತ್ತವೆ. ಇದಕ್ಕೆ ದೊಡ್ಡ ಖರ್ಚೂ ಇಲ್ಲ.

ನಮ್ಮ ಹುಡುಗಿಯನ್ನು ಹತ್ತಕ್ಕೆ ಮೂರು ಅಂಕದ ಎದುರು ಬಿಟ್ಟುಬಂದಿದ್ದೆವು. ಆ ಕೋರ್ಸಿನ ನಿಯಮದಲ್ಲೇ ಒಂದು ಕರುಣೆ ಇದೆ. ಹನ್ನೆರಡು ಅಸೈನ್‌ಮೆಂಟುಗಳಲ್ಲಿ ಹೆಚ್ಚು ಅಂಕ ಬಂದ ಎಂಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಒಂದು ಕೆಟ್ಟ ವಾರದಿಂದ ಏನೂ ಮುಳುಗುವುದಿಲ್ಲ. ಇದು ಗೊತ್ತಾದ ಮೇಲೆ ಆಕೆ ಮೊಬೈಲ್ ಮಗುಚಿಟ್ಟು ಡೈರಿ ಪುಸ್ತಕ ತೆಗೆಯುತ್ತಾಳೆ. ಏಳು ದಿನದ ಬೆಳಗಿನ ಹಾಲು, ಲೀಟರಿನಲ್ಲಿ: 6, 7, 5, 6, 8, 6, 4. ಕೂಡಿದರೆ 42, ಸರಾಸರಿ 6. ಪ್ರತಿ ದಿನದ ಹಾಲು ಸರಾಸರಿಯಿಂದ ಎಷ್ಟು ಆಚೀಚೆ ಎಂದು ಬರೆದು, ವರ್ಗ ಮಾಡಿ ಕೂಡುತ್ತಾಳೆ. ಹತ್ತು ಬರುತ್ತದೆ. ಏಳರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.20. ಅಸೈನ್‌ಮೆಂಟಿನಲ್ಲೂ ಹೀಗೇ ಮಾಡಿದ್ದಳು. ಪಾಠದ ಟಿಪ್ಪಣಿಗೆ ಹಿಂದಿರುಗಿ ಬೆರಳಿಟ್ಟು ಓದುತ್ತಾಳೆ. ಕೈಯಲ್ಲಿರುವುದು ಇಡೀ ಲೆಕ್ಕವಲ್ಲದೆ ಅದರ ಒಂದು ಮಾದರಿ ಮಾತ್ರವಾಗಿದ್ದರೆ ಒಂದು ಕಡಿಮೆ ಮಾಡಿ ಭಾಗಿಸಬೇಕು. ಸರಾಸರಿಯನ್ನು ಅದೇ ಏಳು ಸಂಖ್ಯೆಗಳಿಂದ ತೆಗೆದದ್ದರಿಂದ ಸ್ವತಂತ್ರವಾಗಿ ಉಳಿದವು ಆರೇ. ಹತ್ತನ್ನು ಆರರಿಂದ ಭಾಗಿಸುತ್ತಾಳೆ. ವರ್ಗಮೂಲ 1.29.

ತಪ್ಪಿದ್ದು ತಲೆಯಲ್ಲ, ಏಳರ ಜಾಗದಲ್ಲಿ ಆರು ಇರಬೇಕಿತ್ತು, ಅಷ್ಟೇ. ತಪ್ಪಿದ ಏಳು ಪ್ರಶ್ನೆಗಳಲ್ಲಿ ನಾಲ್ಕು ಈ ಒಂದೇ ಕಾರಣಕ್ಕೆ ತಪ್ಪಿದ್ದವು ಎಂದಿಟ್ಟುಕೊಳ್ಳಿ. ಅವಳ ಕಣ್ಣು ಈಗ ಕೆಂಪಕ್ಷರದ ಮೇಲೆ ಇಲ್ಲ. 'ಮಲಗಿದ್ಯೇನಮ್ಮ?' ಎಂದು ಒಳಗಿನಿಂದ ಅಮ್ಮನ ದನಿ. 'ಇನ್ನೊಂದು ಸ್ವಲ್ಪ ಇರಮ್ಮ' ಎನ್ನುತ್ತಾ, ಹಿಂದಿನ ವಾರದ ಹಾಲಿನ ಲೆಕ್ಕಕ್ಕೆ ಡೈರಿ ಪುಸ್ತಕದ ಪುಟ ತಿರುವುತ್ತಾಳೆ.